ಅವರ ಉಪಗ್ರಹ, ನನ್ನ ಮಾಳಿಗೆ

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನಾನೂ ನನ್ನ ಗಂಡನೂ ಧಾರವಾಡದಲ್ಲಿ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನೇ ಅಭ್ಯಾಸ ಮಾಡುತ್ತಿದ್ದೆವು. ನಾನು ಸತ್ತೂರಿನ ಕಟ್ಟಡವೊಂದರ ಮಾಳಿಗೆ ಹತ್ತಿ, ಉಪಕರಣದಿಂದ ಅದನ್ನು ಅಳೆಯುತ್ತಿದ್ದೆ. ಅವರು ಫ್ಯಾನಿನ ಕೆಳಗೆ ಕೂತು ವಿದೇಶಿ ಉಪಗ್ರಹದ ಅಂಕಿಗಳಿಂದ ಬಣ್ಣಬಣ್ಣದ ನಕಾಶೆ ಮಾಡುತ್ತಿದ್ದರು. ಮನೆಗೆ ಬಂದವರೆಲ್ಲ ಅವರನ್ನೇ ಮಾತಾಡಿಸುತ್ತಿದ್ದರು. “ಮಗಾ ಆಕಾಶದಿಂದ ನೋಡ್ತಾನ, ಸೊಸಿ ಮಾಳಗಿ ಮ್ಯಾಲ ಗಾಳಿ ಹಿಡೀತಾಳ” ಎಂದು ಅತ್ತೆ ನಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಸಂಜೆ ನನ್ನ ಗಂಡನೇ ಕೇಳಿದರು: “ನಿನ್ನ ಅಂಕಿ ಕೊಡ್ತೀಯೇನ? ಮಳಿಗಾಲದ ಮೋಡದಾಗ ಉಪಗ್ರಹಕ್ಕ ಏನೂ ಕಾಣಂಗಿಲ್ಲ. ಉಳಿದ ತಿಂಗಳದ್ದು ಖರೇ ಐತೋ ಇಲ್ಲೋ ನಿನ್ನ ಅಂಕಿಗೆ ಹಚ್ಚಿ ನೋಡಬೇಕು.”

“ಕೊಡ್ತೇನ್ರಿ. ಆದ್ರ ಮುಂದಿನ ಸೆಮಿನಾರದಾಗ ಇದರ ಬಗ್ಗೆ ನಾನ ಮಾತಾಡಾಕಿ.”

“ಛಲೋ ಆತು.”

ಇಬ್ಬರ ಅಂಕಿಗಳನ್ನೂ ಒಂದೇ ಹಾಳೆಯ ಮೇಲೆ ಗೆರೆ ಎಳೆದು ಹೋಲಿಸಿದೆವು. ನೆಲದ ಹತ್ತಿರದ ಗಾಳಿಯನ್ನಷ್ಟೇ ಅಳೆದ ನನ್ನ ಗೆರೆ ಬಹಳ ಏರಿಳಿದಿತ್ತು. ನೆಲದಿಂದ ಆಕಾಶದವರೆಗಿನ ಗಾಳಿಯನ್ನೆಲ್ಲ ಒಟ್ಟಿಗೆ ಕಂಡ ಅವರದು ಸ್ವಲ್ಪವೇ. ಆದರೆ ಮಳೆ ನಿಂತು ಹೊಲಗಳು ಹಸಿರಾಗಿದ್ದಾಗ ಎರಡೂ ಇಳಿದಿದ್ದವು, ಬೇಸಿಗೆಯಲ್ಲಿ ಎರಡೂ ಏರಿದ್ದವು. ಅವರದು ತಪ್ಪಾಗಲಿ ಎಂದು ಒಳಗೊಳಗೇ ಬಯಸಿದ್ದ ನನಗೆ ನಿರಾಸೆಯಾಯಿತು.

ಸೆಮಿನಾರಿನಲ್ಲಿ ನಾನು ಮಾತು ಮುಗಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನನ್ನು ಬಿಟ್ಟು ನನ್ನ ಗಂಡನತ್ತ ತಿರುಗಿದರು. “ಸರ್, ಎರಡರಾಗ ಯಾವುದನ್ನ ನಂಬಬೇಕ್ರಿ?”

“ಅವರನ್ನ ಕೇಳ್ರಿ,” ಎಂದರು ನನ್ನ ಗಂಡ. “ಉಪಗ್ರಹದ ತಪ್ಪು ಹಿಡಿಯೋರು ಅವರ.”

ಉಪಗ್ರಹ ಎಲ್ಲ ಊರನ್ನೂ ಕಾಣುತ್ತದೆ, ಅದು ಕಂಡದ್ದು ಸರಿಯೋ ಎಂದು ನೆಲದ ಅಳತೆ ಹೇಳುತ್ತದೆ, ಹಾಗಾಗಿ ಎರಡೂ ಬೇಕೆಂದು ವಿವರಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಚಹಾದ ಹೊತ್ತಿಗೆ ಜನ ನಕಾಶೆ ನೋಡಲು ನನ್ನ ಗಂಡನ ಸುತ್ತಲೇ ಸೇರಿದರು. ನಾನು ಕಪ್ ಹಿಡಿದು ದೂರ ನಿಂತು, ಚಹಾ ಆರುವವರೆಗೂ ಅವರನ್ನೇ ನೋಡುತ್ತಿದ್ದೆ.