ಮಾರ್ಜಿನ್ ಮಾವ

ಬೀದಿಯ ಮಕ್ಕಳೆಲ್ಲ ಅವರನ್ನು ಮಾರ್ಜಿನ್ ಮಾವ ಎಂದೇ ಕರೆಯುತ್ತಿದ್ದರು. ಹಗಲು ಕಚೇರಿಯಲ್ಲಿ ಫೈಲು ಜೋಡಿಸುವ ಗುಮಾಸ್ತಿಕೆ. ಸಂಜೆಯಾದರೆ ಜಗಲಿಯಲ್ಲಿ ಕೂತು, ಇಂಗ್ಲಿಷ್ ಹೋಂವರ್ಕಿಗೆ ಕೇಳಿದವರಿಗೂ ಕೇಳದವರಿಗೂ ಬಿಟ್ಟಿ ಸಲಹೆ. ಪುಟದ ಎರಡೂ ಕಡೆ ಮಾರ್ಜಿನ್, ತಲೆಬರಹಕ್ಕೆ ಜೋಡಿ ಗೆರೆ, ಪ್ರಶ್ನೆಯ ನಂಬರಿನ ಸುತ್ತ ಚೌಕ. “ಪುಟ ನೀಟಾಗಿದ್ರೆ ಅರ್ಧ ಪಾಸಾದ ಹಾಗೇ ಕಣ್ರೋ” ಎನ್ನುತ್ತಿದ್ದರು. ಉಳಿದರ್ಧ ಪಾಸಾಗುವುದು ಹೇಗೆಂದು, ಪುಣ್ಯಕ್ಕೆ, ಯಾರೂ ಕೇಳಿರಲಿಲ್ಲ.

ಹೆಡ್ ಕ್ಲರ್ಕ್ ಆಗಲು ಬೇಕಾದ ಇಲಾಖೆಯ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾವನೇ ಎರಡು ಸಲ ಮಣ್ಣು ಮುಕ್ಕಿದ್ದರು. ಮೂರನೆಯದು ಕೊನೆಯ ಅವಕಾಶ. ತಪ್ಪಿದರೆ ನಿವೃತ್ತಿಯವರೆಗೂ ಅದೇ ಕುರ್ಚಿ, ಅದೇ ಧೂಳು. ಇದು ಗೊತ್ತಿದ್ದದ್ದು ಜೊತೆಗಿದ್ದ ಅಕ್ಕನಿಗೆ ಮತ್ತು ಅಕ್ಕನ ಮಗಳಿಗೆ ಮಾತ್ರ. ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಆ ಹುಡುಗಿಯ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು, ಮಾರ್ಕ್ಸು ಮಾತ್ರ ತರಗತಿಗೇ ಮೊದಲು. ಮಾವನಿಗೆ ಅದು ಶುದ್ಧ ಅನ್ಯಾಯವೆಂದೇ ಕಾಣುತ್ತಿತ್ತು.

“ಮಾವ, ನಿಮಗೆ ಇಂಗ್ಲಿಷ್ ಚೆನ್ನಾಗೇ ಬರತ್ತೆ. ಗೆರೆ ಎಳೆಯೋದ್ರಲ್ಲೇ ಟೈಮೆಲ್ಲ ಹೋಗತ್ತೆ. ಈ ಸಲ ಸುಮ್ನೆ ಬರೆದುಬಿಡಿ” ಎಂದಳು.

“ಮೊದಲು ನಿನ್ನ ಅಕ್ಷರ ನೆಟ್ಟಗೆ ಮಾಡ್ಕೋ ಹೋಗೇ. ನಂಗೆ ಹೇಳೋಕೆ ಬಂದ್ಳು.”

ಪರೀಕ್ಷೆಯ ಕೊಠಡಿಯಲ್ಲಿ ಪೆನ್ನಿನ ಡಬ್ಬಿ ತೆರೆದರೆ ಸ್ಕೇಲೇ ಇಲ್ಲ! ಯಾರ ಕೈವಾಡವೆಂದು ತಕ್ಷಣ ಗೊತ್ತಾಗಿ ಮೈಯೆಲ್ಲ ಉರಿಯಿತು. ಇನ್ನು ಉತ್ತರ ಬರೆಯದೆ ಬೇರೆ ದಾರಿಯಿರಲಿಲ್ಲ. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೆ? ಕಣ್ಣು ಹಾಲ್ ಟಿಕೆಟ್ಟಿನ ಮೇಲೆ ಬಿತ್ತು. ಒಳ್ಳೆಯ ದಪ್ಪ ಕಾಗದ, ಅಂಚು ನೇರ. ಇಪ್ಪತ್ತನಾಲ್ಕು ಪುಟಕ್ಕೂ ಮಾರ್ಜಿನ್ ಬಂತು. ಮುಗಿಯಿತೆಂದು ಗಂಟೆ ಹೊಡೆದಾಗ ಮಾವ ಹತ್ತು ಪ್ರಶ್ನೆಗಳಲ್ಲಿ ನಾಲ್ಕನೆಯದರ ನಂಬರಿಗೆ ಚೌಕ ಎಳೆಯುತ್ತಿದ್ದರು.

ಫಲಿತಾಂಶ ಬಂದ ಮೇಲೆ ಅರ್ಜಿ ಹಾಕಿ ಉತ್ತರಪತ್ರಿಕೆಯ ನಕಲು ತರಿಸಿದರು. ಮೊದಲ ಪುಟದ ಮೂಲೆಯನ್ನು ಅಂಗೈಯಲ್ಲಿ ಮುಚ್ಚಿ ಮಕ್ಕಳಿಗೆ ತೋರಿಸಿದರು. “ನೋಡ್ರೋ, ಮಾರ್ಜಿನ್ ಅಂದ್ರೆ ಹೀಗಿರಬೇಕು!”

“ಮಾರ್ಕ್ಸ್ ಎಷ್ಟು ಮಾವ?” ಎಂದಳು ಮುಂದೆ ಕೂತಿದ್ದ ಪುಟ್ಟಿ.

ಮಾವ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳತ್ತ ನೋಡಿದರು. ಅವಳು ನಗಲಿಲ್ಲ, ನಕ್ಕಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅಂಗೈ ತೆಗೆದರು. ನೂರಕ್ಕೆ ಹದಿನೇಳು.

“ಗೆರೆಗೆ ಯಾರೂ ಮಾರ್ಕ್ಸ್ ಕೊಡಲ್ಲ ಕಣ್ರೋ. ಮೊದಲು ಉತ್ತರ ಬರೀರಿ” ಎಂದರು.

ಇಷ್ಟು ವರ್ಷಗಳಲ್ಲಿ ಮಾವ ಆಡಿದ ಒಂದೇ ಒಂದು ಉಪಯೋಗದ ಮಾತು ಅದು. ಮಕ್ಕಳು ಬರೆದುಕೊಳ್ಳಲು ತಡ ಮಾಡಲಿಲ್ಲ. ಎಲ್ಲರೂ ನೋಟ್‌ಬುಕ್ ತೆರೆದು, ಸ್ಕೇಲು ಹುಡುಕಿ, ಮೊದಲು ಮಾರ್ಜಿನ್ ಹಾಕಿದರು.