ಕಸುಬಿನವಳ ಹೊಲಿಗೆ ಮಿಷಿನ್ನು

ಕಸುಬು ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಬಡಗಿ ಮಾಡುವುದೂ ಕಸುಬು, ಕಮ್ಮಾರ ಮಾಡುವುದೂ ಕಸುಬು. ಆದರೆ ಹೆಂಗಸೊಬ್ಬಳನ್ನು ‘ಕಸುಬಿನವಳು’ ಎಂದರೆ ಆಕೆ ಏನು ಮಾಡುತ್ತಾಳೆಂದು ಯಾರೂ ಮತ್ತೆ ಕೇಳುವುದಿಲ್ಲ. ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ಚಿತ್ರದುರ್ಗದಲ್ಲಿ ನಾನು ಅಂಥವಳಾಗಿದ್ದೆ. ನನ್ನೂರು ರಾಮಗಿರಿಯ ಹತ್ತಿರದ ಒಂದು ಹಳ್ಳಿ. ಗಂಡ ಬಿಟ್ಟ ಮೇಲೆ ಪಟ್ಟಣಕ್ಕೆ ಬಂದು ಮೊದಲು ಹತ್ತಿ ಮಿಲ್ಲಿನಲ್ಲಿ ಕೂಲಿಗೆ ಸೇರಿದೆ. ಅಲ್ಲಿನ ಮೇಸ್ತ್ರಿ ಪುಕ್ಕಟೆ ಬಯಸಿದ್ದನ್ನೇ ಹೊರಗಿನವರು ದುಡ್ಡು ಕೊಟ್ಟು ಕೇಳುತ್ತಾರೆಂದು ಗೊತ್ತಾದ ದಿನ ಮಿಲ್ಲು ಬಿಟ್ಟೆ. ಯಾರ ಕೈಕೆಳಗೂ ಹೋಗಲಿಲ್ಲ. ಸ್ವಂತ ಬಾಡಿಗೆ ಮನೆ, ಸ್ವಂತ ಬೀಗ, ಬೇಡವೆನಿಸಿದವನಿಗೆ ಬಾಗಿಲು ತೆಗೆಯದಿರುವ ಸ್ವಾತಂತ್ರ್ಯ.

ನನಗೆ ಬುದ್ಧಿ ಹೇಳುವವಳೆಂದರೆ ಹಿರಿಯೂರಿನ ಅಕ್ಕ ಒಬ್ಬಳೇ. ಒಡಹುಟ್ಟಿದವಳಲ್ಲ, ಕಸುಬಿನಲ್ಲಿ ಹಿರಿಯಳು. ಒಂದು ಕಾಲಕ್ಕೆ ಸೊಂಟಕ್ಕೆ ಬಂಗಾರದ ಡಾಬು ಕಟ್ಟಿಕೊಂಡು ಓಡಾಡಿದವಳು. ಹೋಟೆಲು ಇಡುತ್ತೇನೆಂದು ಒಬ್ಬ ಡಾಬು ಇಸಿದುಕೊಂಡು ಹೋದ. ಹೋಟೆಲನ್ನು ಯಾವ ಊರಲ್ಲಿ ಇಟ್ಟನೋ ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಈಗ ತನ್ನ ಹಳೆಯ ಗಿರಾಕಿಗಳ ಲಾರಿಗಳು ನಿಲ್ಲುವ ಕಡೆಯೇ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಅವಳನ್ನು ನೋಡಲು ಹೋದಾಗೊಮ್ಮೆ, ಬಾಣಲೆಯ ಮುಂದೆ ಕೂತೇ ಹೇಳಿದಳು:

“ಸರ್ಕಾರಿ ನೌಕ್ರಿಯೋರು ಮುದುಕ್ರಾದ ಮ್ಯಾಲೆ ರಿಟೈರಾಗ್ತಾರೆ, ಪಿಂಚಣಿ ಬರ್ತತೆ. ನಮ್ಮನ್ನ ವಯಸ್ಸಿದ್ದಾಗ್ಲೇ ರಿಟೈರು ಮಾಡ್ತಾರೆ, ಕೈಗೆ ಚಿಪ್ಪು. ನೀನು ಬಂಗಾರ ಮಾಡಿಸ್ಬ್ಯಾಡ ಕಣೆ. ಬಂಗಾರ ಐತೆ ಅಂತ ಗೊತ್ತಾದ್ರೆ ಗಂಡಸ್ರು ಪ್ರೀತಿ ಮಾಡಾಕೆ ಶುರು ಮಾಡ್ತಾರೆ. ಒಂದು ಮನೆ ಮಾಡ್ಕಾ. ಮನೇನ ಯಾವನೂ ಹೊತ್ಕಂಡು ಹೋಗಂಗಿಲ್ಲ.”

ಹೊಳಲ್ಕೆರೆಯಲ್ಲಿ ಬೀದಿಗೆ ಒಂದು ಅಂಗಡಿ ಕೋಣೆ, ಅದರ ಹಿಂದೆ ವಾಸಕ್ಕೆ ಎರಡು ಕೋಣೆ ಇರುವ ಹಂಚಿನ ಮನೆ ಮಾರಾಟಕ್ಕಿದೆಯೆಂದು ಅಷ್ಟರಲ್ಲಿ ಕಿವಿಗೆ ಬಿದ್ದಿತ್ತು. ಕೈಯಲ್ಲಿದ್ದುದು ಸಾಲದು. ಬಡ್ಡಿ ಸಾಹುಕಾರರು ನನಗೆ ಕೊಡಲು ಸಿದ್ಧರಿದ್ದರು, ಆದರೆ ಬಡ್ಡಿಯನ್ನು ಅವರು ದುಡ್ಡಿನಲ್ಲಿ ಕೇಳುತ್ತಿರಲಿಲ್ಲ. ಬ್ಯಾಂಕುಗಳು ಸರ್ಕಾರದವಾದ ಮೇಲೆ ಬಡವರಿಗೆ ಕರೆದು ಸಾಲ ಕೊಡುತ್ತಾರೆಂದು ಊರೆಲ್ಲ ಮಾತು. ಎಮ್ಮೆಗೆ ಕೊಟ್ಟಿದ್ದರು, ತಳ್ಳುಗಾಡಿಗೆ ಕೊಟ್ಟಿದ್ದರು. ನಾನೂ ಒಗೆದ ಸೀರೆ ಉಟ್ಟು ಹೋದೆ.

ಮ್ಯಾನೇಜರು ಕರಾವಳಿ ಕಡೆಯವರು. ಊರಿಗೆ ಹೊಸಬರು, ಪುಸ್ತಕದಂತೆ ಮಾತಾಡುತ್ತಿದ್ದರು.

“ನೀವು ಏನು ಕೆಲಸ ಮಾಡುವುದು?”

“ಕಸುಬು.”

“ಅದೇ, ಯಾವ ಕಸುಬು?”

“ಕಸುಬೇ ರೀ.”

ಅವರು ಪೆನ್ನು ಹಿಡಿದು ಕಾದರು. ಹಿಂದೆ ನಿಂತಿದ್ದ ಜವಾನ ಕೆಮ್ಮಿದ, ಮತ್ತೆ ಕೆಮ್ಮಿದ, ಕೊನೆಗೆ ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದ. ಮ್ಯಾನೇಜರ ಕಿವಿ ಕೆಂಪಗಾಯಿತು. ನಾನು ಚೀಲ ಎತ್ತಿಕೊಂಡು ಎದ್ದೆ.

“ಕುಳಿತುಕೊಳ್ಳಿ,” ಎಂದರು ಅವರು. “ಮನೆಗೆಲ್ಲ ನಾವು ಸುಮ್ಮನೆ ಸಾಲ ಕೊಡಲಿಕ್ಕೆ ಆಗುವುದಿಲ್ಲ. ಆದಾಯಕ್ಕೆ ಆಧಾರ ಬೇಕು. ತೆರಿಗೆ ಕಟ್ಟಿದ ಕಾಗದ ಏನಾದರೂ ಉಂಟಾ?”

ಆ ಊರಲ್ಲಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ ಮೊದಲ ಗಂಡಸು ಅವರು. ಅದೇ ಉಬ್ಬಿನಲ್ಲಿ, ತೆರಿಗೆ ಕಟ್ಟಿಯೇ ಬಿಡೋಣವೆಂದು ಮರುದಿನ ಟ್ಯಾಕ್ಸಿನ ವಕೀಲರ ಆಫೀಸಿಗೆ ಹೋದೆ.

ಈ ವಕೀಲರು ನನಗೆ ಅಪರಿಚಿತರಲ್ಲ. ಭಾನುವಾರ ಮಧ್ಯಾಹ್ನ ಅವರ ಮನೆಮಂದಿ ಉಂಡು ಮಲಗಿದಾಗ ನನ್ನಲ್ಲಿಗೆ ಬರುತ್ತಿದ್ದವರು. ಆಫೀಸಿನಲ್ಲಿ ಗುಮಾಸ್ತರ ನಡುವೆ ನನ್ನನ್ನು ಕಂಡು, “ಯಾವೂರಮ್ಮ ನಿಂದು?” ಎಂದು ಕೇಳಿದರು.

“ಇದೇ ಊರು ಸಾಮಿ,” ಎಂದೆ.

ಗುಮಾಸ್ತರನ್ನು ಚಹಾಕ್ಕೆ ಕಳಿಸಿ, ಬಾಗಿಲು ಮುಂದೆ ಮಾಡಿ, ನನ್ನ ಮಾತು ಪೂರ್ತಿ ಕೇಳಿದ ಮೇಲೆ ಅವರು ತಲೆ ಚಚ್ಚಿಕೊಂಡರು. “ನಿನಗೇನು ತಲೆ ಕೆಟ್ಟೈತಾ? ಮಂಡಿ ಸಾಹುಕಾರ್ರೆಲ್ಲ ಟ್ಯಾಕ್ಸು ತಪ್ಸು ಅಂತ ನನ್ನ ಹತ್ರ ಬರ್ತಾರೆ. ಕಟ್ತೀನಿ ಅಂತ ಬಂದೋಳು ನೀನೊಬ್ಳೆ.”

“ಕಟ್ಟಿದ್ರೆ ಕಾಗದ ಸಿಗ್ತತಲ್ಲ ಸಾಮಿ. ಕಾಗದ ತೋರ್ಸಿದ್ರೆ ಸಾಲ ಸಿಗ್ತತೆ.”

“ಈ ದುಡ್ಡು ಯಾರು ಕೊಟ್ರು ಅಂತ ಆಫೀಸರು ಕೇಳ್ತಾನೆ. ಏನು ಹೇಳ್ತೀಯ?”

“ಕೊಟ್ಟೋರ ಹೆಸ್ರು ಹೇಳ್ತೀನಿ.”

ವಕೀಲರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಆಮೇಲೆ ಅವರ ದನಿ ಬಹಳ ಮೆದುವಾಯಿತು. ಕಾನೂನಿನ ಎಲ್ಲ ದಾರಿಗಳೂ ಅವರಿಗೆ ಒಮ್ಮೆಲೇ ಕಾಣತೊಡಗಿದವು. ನಾನು ಹೊಲಿಗೆಯವಳೆಂದು ಬರೆಸಬೇಕು. ಮುನಿಸಿಪಾಲಿಟಿಯಿಂದ ಹೊಲಿಗೆ ಅಂಗಡಿಯ ಲೈಸೆನ್ಸು ತಗೊಳ್ಳಬೇಕು. ಬ್ಯಾಂಕಿನಿಂದ ಮೊದಲು ಮಿಷಿನ್ನಿಗೆ ಸಣ್ಣ ಸಾಲ ತೆಗೆದು ತಪ್ಪದೆ ತೀರಿಸಬೇಕು. “ಒಂದ್ಸಲ ನಂಬ್ಕೆ ಬಂತು ಅಂದ್ರೆ ದೊಡ್ಡ ಸಾಲ ತಾನಾಗೇ ಬರ್ತತೆ. ಮನೇಗಲ್ಲ, ಅಂಗಡಿಗೆ ಅಂತ ಕೇಳು. ಹೆಸ್ರುಗಿಸ್ರು ಅಂತ ಮಾತ್ರ ಎಲ್ಲೂ ಬಾಯಿ ಬಿಡಬ್ಯಾಡ.” ಫೀಜು ತಗೊಳ್ಳಲಿಲ್ಲ. ಮುಂದಿನ ಭಾನುವಾರ ಹೆಚ್ಚಿಗೆ ಏನೂ ಕೊಡಲೂ ಇಲ್ಲ.

ಹಾಗೆ ನಾನು ಹೊಲಿಗೆಯವಳಾದೆ. ಲೈಸೆನ್ಸು ನೋಡಿ ಮ್ಯಾನೇಜರು ಹಿಂದಿನ ಮಾತೆತ್ತದೆ ಸಾಲ ಕೊಟ್ಟರು, ಮನೆಗೆ ಕಾಲಲ್ಲಿ ತುಳಿಯುವ ಮಿಷಿನ್ನು ಬಂತು. ಅದರ ಮೇಲೆ ಕಸೂತಿ ಬಟ್ಟೆ ಹಾಸಿ, ಪೌಡರ್ ಡಬ್ಬಿ, ಎಲೆಡಿಕೆ ತಟ್ಟೆ ಇಟ್ಟುಕೊಂಡೆ; ಎತ್ತರ ಸರಿಯಾಗಿತ್ತು. ಮುನಿಸಿಪಾಲಿಟಿಯ ಬಿಲ್ ಕಲೆಕ್ಟರು ಬಂದು ಹೊಲಿಗೆಗೆ ತೆರಿಗೆ ಕೇಳಿದ. ನಿಜವಾದ ಸಂಪಾದನೆಗೆ ಕಟ್ಟುತ್ತೇನೆಂದರೆ ಬೇಡವೆಂದವರು, ಒಂದು ಗುಂಡಿಯನ್ನೂ ಹಾಕದವಳಿಂದ ಹೊಲಿಗೆಯ ತೆರಿಗೆ ವಸೂಲು ಮಾಡಿದರು. ಆ ರಸೀದಿಯನ್ನು ಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲಿ ತೂಗುಹಾಕಬೇಕೆನಿಸಿತ್ತು ನನಗೆ.

ತೊಂದರೆ ಬಂದದ್ದು ಮ್ಯಾನೇಜರ ಪ್ರಾಮಾಣಿಕತೆಯಿಂದ. ಸಾಲ ಕೊಟ್ಟ ವಸ್ತು ಸರಿಯಾಗಿ ಬಳಕೆಯಾಗುತ್ತಿದೆಯೇ ಎಂದು ಸ್ವತಃ ಹೋಗಿ ನೋಡಬೇಕೆಂಬ ನಿಯಮವಿತ್ತಂತೆ. ಬೇರೆ ಮ್ಯಾನೇಜರುಗಳು ಕೂತಲ್ಲೇ ‘ನೋಡಿದೆ’ ಎಂದು ಬರೆಯುತ್ತಿದ್ದರು. ಇವರು ನಿಜವಾಗಿ ಬಂದರು. ಹಾಡುಹಗಲು, ಇಸ್ತ್ರಿ ಅಂಗಿ ಹಾಕಿಕೊಂಡು, ಇಡೀ ಬೀದಿ ಜಗಲಿಯ ಮೇಲೆ ಕೂತಿರುವಾಗ ಬಂದರು. ಮಿಷಿನ್ನಿನ ಮೇಲಿದ್ದ ಎಲೆಡಿಕೆ ತಟ್ಟೆ ನೋಡಿ, “ಎಣ್ಣೆ ಹಾಕುತ್ತೀರಾ?” ಎಂದು ಕೇಳಿ ಹೋದರು. ಮುಂದಿನ ತಿಂಗಳು ಮತ್ತೆ ಬಂದರು. ನನ್ನ ಮನೆಗೆ ಬಂದ ಗಂಡಸರಲ್ಲಿ ಕದ್ದು ಬರದವರು ಅವರೊಬ್ಬರೇ. ಆದ್ದರಿಂದ ಊರು ಮಾತಾಡಿದ್ದೂ ಅವರೊಬ್ಬರ ಬಗ್ಗೆಯೇ.

ಒಂದು ಶುಕ್ರವಾರ ದೇವಸ್ಥಾನದಿಂದ ನೇರ ನನ್ನ ಮನೆಗೆ ಒಬ್ಬ ಹೆಂಗಸು ಬಂದರು. ಕುಂಕುಮ, ಹೂವು, ಕೈಯಲ್ಲಿ ರವಿಕೆಯ ಕಣ. ಬ್ಯಾಂಕ್ ಮ್ಯಾನೇಜರ ಹೆಂಡತಿ ಎಂದು ತಾವೇ ಹೇಳಿದರು. ಅವರ ಕಣ್ಣು ಕಣದ ಮೇಲಿರಲಿಲ್ಲ. ಮಂಚ, ಕನ್ನಡಿ, ನನ್ನ ಮುಖ, ಮತ್ತೆ ಮಂಚ. “ಇದನ್ನು ಹೊಲಿದು ಕೊಡ್ತೀರಾ?” ಎಂದರು. ಇಲ್ಲವೆನ್ನಲು ನನಗೆಲ್ಲಿದೆ ಬಾಯಿ? ಲೈಸೆನ್ಸು ಗೋಡೆಯ ಮೇಲಿತ್ತು.

ನನ್ನ ಹಳೆಯದೊಂದು ರವಿಕೆಯ ಹೊಲಿಗೆ ಬಿಚ್ಚಿ ಅಳತೆಗಿಟ್ಟುಕೊಂಡು ವಾರವೆಲ್ಲ ಹೆಣಗಿದೆ. ಅವರು ಬಂದು ತೊಟ್ಟು ನೋಡಿದಾಗ ಒಂದು ಕೈ ಒಳಗೆ ಹೋಯಿತು, ಇನ್ನೊಂದು ಹೋಗಲೇ ಇಲ್ಲ.

“ಎಂತ ಮಾರಾಯ್ತಿ, ಇದು ತೋಳಾ?” ಎಂದರು. ಆಮೇಲೆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. “ನಿಮಗೆ ಹೊಲಿಯಲಿಕ್ಕೆ ಬರುವುದಿಲ್ಲ ಅಲ್ವಾ?”

“ಇಲ್ಲ ಅಮ್ಮಾರೆ.”

“ಮತ್ತೆ ನಮ್ಮವರು ಇಲ್ಲಿಗೆ ಎಂತಕ್ಕೆ ಬರುವುದು?”

“ಮಿಷಿನ್ ನೋಡಾಕೆ.”

“ಮಿಷಿನ್ ಮಾತ್ರವಾ?”

“ನಿಮ್ಮಾಣೆ ಅಮ್ಮಾರೆ. ಬಾಗ್ಲು ಪೂರ್ತಿ ತಗ್ದಿರ್ತತೆ. ಮಿಷಿನ್ ನೋಡ್ತಾರೆ, ಎಣ್ಣೆ ಹಾಕಿದೀರಾ ಅಂತಾರೆ, ಹೋಗ್ತಾರೆ. ನನ್ನ ಮುಖಾನೂ ಸರಿಯಾಗಿ ನೋಡಿಲ್ಲ.”

ಅವರು ಮಡಿಲಲ್ಲಿದ್ದ ರವಿಕೆಯ ಸೊಟ್ಟ ತೋಳನ್ನು ಬೆರಳಿನಿಂದ ತೀಡಿದರು. “ಮನೆಯಲ್ಲಿಯೂ ಹಾಗೆಯೇ,” ಎಂದರು. ನಗುವೋ ಅಳುವೋ ಎಂದು ನಾನು ಕಾಯುತ್ತಿದ್ದೆ, ಎರಡೂ ಆಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, “ಕತ್ತರಿ ಎಲ್ಲಿ? ಕೊಡಿ,” ಎಂದರು.

ಗಂಡನ ಹೆಸರು ಉಳಿಯಬೇಕಾದರೆ ನಾನು ನಿಜವಾದ ಹೊಲಿಗೆಯವಳಾಗಲೇಬೇಕೆಂದು ಅವರು ಕಂಡುಕೊಂಡಿದ್ದರು. ವಾರಕ್ಕೆರಡು ಮಧ್ಯಾಹ್ನ ಬಂದು ಕಲಿಸಿದರು. ಕಂಕುಳ ಪಟ್ಟಿ ಕತ್ತರಿಸುವುದು, ತೋಳಿಗೆ ಸುತ್ತು ಬಿಡುವುದು, ಹುಕ್ಕು ಕಾಜಾ. ನನ್ನ ಕೈಗೆ ಅದು ಬೇಗ ಹತ್ತಿತು. ಇಷ್ಟು ವರ್ಷ ಗಂಡಸರ ಅಳತೆ ನೋಡಿದವಳಿಗೆ ಹೆಂಗಸರ ಅಳತೆ ಏನು ಕಷ್ಟ? ಕಲಿತ ಮೇಲೆ ಅವರು ನಾನು ಹೊಲಿದ ರವಿಕೆ ತೊಟ್ಟು ಊರಿನ ಮದುವೆಗಳಿಗೆ ಹೋದರು. ಮ್ಯಾನೇಜರ ಹೆಂಡತಿ ಹೊಲಿಸುವ ಕಡೆ ನಾವೂ ಹೊಲಿಸಬೇಕೆಂದು ಮಂಡಿ ಸಾಹುಕಾರರ ಹೆಂಡಂದಿರು ಬಂದರು, ವಕೀಲರ ಹೆಂಡತಿ ಬಂದರು. ಚಾಪೆಯ ಮೇಲೆ ಸಾಲಾಗಿ ಕೂತು, ಮಾತಾಡುತ್ತ, ಸೊಪ್ಪು ಸೋಸುತ್ತ, ಸಂಜೆಯವರೆಗೆ ಏಳುತ್ತಿರಲಿಲ್ಲ.

ನನ್ನ ಸಂಪಾದನೆ ನೆಲ ಕಚ್ಚಿತು. ಹೆಂಡತಿ ಕೂತ ಮನೆಗೆ ಯಾವ ಗಂಡ ಬಂದಾನು? ಒಂದು ಭಾನುವಾರ ಟ್ಯಾಕ್ಸಿನ ವಕೀಲರು ಅಭ್ಯಾಸಬಲದಿಂದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರು. ಎದುರಿಗೆ ಚಾಪೆಯ ಮೇಲೆ ಅವರ ಹೆಂಡತಿ.

“ಟ್ಯಾಕ್ಸಿನ ಕಾಗದಕ್ಕೆ ಬಂದಿದ್ದೆ,” ಎಂದರು ವಕೀಲರು, ಯಾರನ್ನೂ ನೋಡದೆ.

“ಭಾನ್ವಾರಾನೂ ಕೆಲಸಾನ? ಪಾಪ,” ಎಂದರು ಆಯಮ್ಮ. “ಕುಂತ್ಕಳ್ರಿ. ಇನ್ನೆರಡು ಹುಕ್ಕು ಐತೆ, ಜತಿಗೇ ಹೋಗಾಣ.”

ಆ ಘನ ವಕೀಲರು ರವಿಕೆಗಳ ನಡುವೆ, ಹುಕ್ಕು ಹಾಕಿ ಮುಗಿಯುವವರೆಗೆ ಗೋಡೆಯ ಲೈಸೆನ್ಸು ಓದುತ್ತ ಕೂತರು. ಗಂಡನನ್ನು ಮುಂದೆ ಬಿಟ್ಟು ಹೊರಟ ಆಯಮ್ಮ ಬಾಗಿಲಲ್ಲಿ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕರು. ಮರುದಿನ ಅವರೊಬ್ಬರೇ ಬಂದಾಗ ನಾನು ನೇರವಾಗಿಯೇ ಕೇಳಿದೆ, “ನಿಮಗೆಲ್ಲ ಗೊತ್ತೈತಾ ಅಮ್ಮಾರೆ?”

“ಗೊತ್ತಿಲ್ದೆ ಏನವ್ವ? ಮೊದ್ಲಿಂದ ಗೊತ್ತು. ರವಿಕೆ ಹೊಲಿಯೋರು ಊರಲ್ಲಿ ಬ್ಯಾರೆ ಇಲ್ವಾ? ನಾವು ಹಗಲೆಲ್ಲ ಇಲ್ಲಿ ಕುಂತ್ರೆ ಅವರು ಎಲ್ಲಿ ಕುಂತ್ಕಂತಾರೆ, ನೋಡಾಣ ಅಂತ.”

ನಾನು ಸ್ವಲ್ಪ ಯೋಚಿಸಿ ಹೇಳಿದೆ, “ಹಂಗಾರೆ ಹೊಲಿಗೆ ಕೂಲಿ ಜಾಸ್ತಿ ಆಗ್ತತೆ ಅಮ್ಮಾರೆ. ನನಗೂ ನಷ್ಟ ಐತೆ.”

“ಆಗ್ಲಿ. ಅವರ ಜೇಬಿಂದಾನೇ ತಗಂಡು ಬರ್ತೀವಿ.”

ಜೇಬು ಅದೇ, ಮನೆ ಅದೇ, ಮಿಷಿನ್ನು ಮಾತ್ರ ಹೆಚ್ಚಿಗೆ ತಿರುಗಬೇಕಾಗಿತ್ತು. ನನ್ನ ಬೆನ್ನು ಮೊದಲ ಸಲ ನೋಯತೊಡಗಿತು. ಮಿಷಿನ್ನಿನ ಸಾಲ ತೀರಿತು. ಎರಡನೇ ಸಾಲಕ್ಕೆ, ಇನ್ನೂ ಮಾರಾಟವಾಗದೆ ನಿಂತಿದ್ದ ಹೊಳಲ್ಕೆರೆಯ ಅಂಗಡಿ ಕೋಣೆಯ ಹೆಸರಿನಲ್ಲಿ, ಮ್ಯಾನೇಜರು ವರ್ಗವಾಗುವ ಮೊದಲು ರುಜು ಹಾಕಿದರು. ಆ ದಿನವೂ ನನ್ನ ಮುಖ ನೋಡಲಿಲ್ಲ. ಅವರ ಹೆಂಡತಿ ಮಾತ್ರ ಊರು ಬಿಡುವಾಗ ಬಂದು, ತಮ್ಮ ಕತ್ತರಿಯನ್ನು ನನ್ನಲ್ಲೇ ಬಿಟ್ಟರು. “ನನಗೆ ಅಲ್ಲಿ ಯಾರಿಗೆ ಹೊಲಿಯಲಿಕ್ಕುಂಟು?” ಎಂದರು. ಅವರು ಹೋದ ಮೇಲೆ ಆ ಮಧ್ಯಾಹ್ನ ನಾನು ಏನೂ ಹೊಲಿಯಲಿಲ್ಲ.

ಹೊಳಲ್ಕೆರೆಗೆ ಹೋದ ಮೇಲೆ ಹಳೆಯ ಕಸುಬು ಬಿಟ್ಟೆನೆಂದು ಬರೆದರೆ ನಿಮಗೆ ಸಮಾಧಾನವಾಗುತ್ತದೆ. ಬಿಡಲಿಲ್ಲ. ಹೊಸದುರ್ಗದ ಕಡೆಯ ಒಬ್ಬ ಕುರಿ ವ್ಯಾಪಾರಿ, ಹೆಂಡತಿ ತೀರಿಕೊಂಡವರು, ಸಂತೆಗೆ ಬಂದಾಗ ಬಂದು ಹೋಗುತ್ತಿದ್ದರು. ಕಂತು ಕಟ್ಟುವ ತಿಂಗಳಲ್ಲಿ ಹೊಲಿಗೆ ಕಮ್ಮಿಯಾದರೆ ಅವರ ದುಡ್ಡು ತುಂಬಿಕೊಡುತ್ತಿತ್ತು. ಕಮ್ಮಿಯಾಗದಿದ್ದರೂ ಅವರು ಬರುವುದು ನನಗೆ ಬೇಸರವಿರಲಿಲ್ಲ. ಕುರಿಗಳ ರೋಗದ ಬಗ್ಗೆ ಬಹಳ ಮಾತಾಡುತ್ತಿದ್ದರು.

ಮನೆ ಪೂರ್ತಿ ನನ್ನದಾದ ವರ್ಷ ಹಿರಿಯೂರಿನ ಅಕ್ಕನಿಗೆ ಕಣ್ಣು ಮಂದವಾಯಿತು. ಬಾಣಲೆಯ ಮುಂದೆ ಕೂರುವಂತಿರಲಿಲ್ಲ. ಹೋಗಿ ಕರೆದುಕೊಂಡು ಬಂದೆ. ಮನೆ ಮಾಡಿಕೋ ಎಂದು ಹೇಳಿಕೊಟ್ಟವಳು, ಬಂದ ದಿನ ಗೋಡೆಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿ, “ಅಡಿಗೆಮನೆ ಸಣ್ಣದಾಯ್ತು,” ಎಂದು ಕೊಂಕು ತೆಗೆದಳು. ದಿನವೂ ಅಂಗಡಿ ಕೋಣೆಯಲ್ಲಿ ಕೂತು, ಹೊಲಿಸಲು ಬಂದವರ ಕಷ್ಟಸುಖ ಕೇಳುತ್ತಿದ್ದಳು. ಒಮ್ಮೆ ಹೊಸ ಮದುವಣಗಿತ್ತಿಯೊಬ್ಬಳು, “ಅಜ್ಜಿ ಏನು ಕೆಲಸ ಮಾಡ್ತಿದ್ರು?” ಎಂದು ಕೇಳಿದಳು. ನಾನು ಮಿಷಿನ್ನು ನಿಲ್ಲಿಸಿದೆ.

“ಲಾರಿ ಆಫೀಸಲ್ಲಿದ್ದೆ ಕಣವ್ವ,” ಎಂದಳು ಅಕ್ಕ, ಸೂಜಿಗೆ ದಾರ ಪೋಣಿಸಲು ತಡಕಾಡುತ್ತ. “ಭಾಳ ಕೆಲಸ ಇರ್ತಿತ್ತು. ರಜಾನೇ ಕೊಡ್ತಿರಲಿಲ್ಲ.”