ಯಾರ ಮನೆಯಲ್ಲೂ ಇಲ್ಲದ ಕಾಯಿಲೆಗಳು

‘ನಿಮಗೆ ಏನು ಬೇಕು, ಹೇಳಿ’ ಎಂದು ಆಸ್ಪತ್ರೆಯವರೇ ಮೈಕ್ ಹಿಡಿದು ಜನರನ್ನು ಕೇಳಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡೆ. ದೊಡ್ಡಬಳ್ಳಾಪುರದಲ್ಲಿ, ನನ್ನ ತವರಿನ ಬೀದಿಯ ಸಮುದಾಯ ಭವನದಲ್ಲಿ. ಕಂಡ ಮೇಲೆ ತಲೆ ಕೆಟ್ಟು ಕೂತಿದ್ದೇನೆ.

ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಏನು ಕೇಳುತ್ತಾರೆ? ಆಧಾರ್ ಇದೆಯಾ, ಇನ್ಶೂರೆನ್ಸ್ ಇದೆಯಾ, ಜೊತೆಗೆ ಯಾರು ಬಂದಿದ್ದಾರೆ. ‘ನಿಮ್ಮ ಏರಿಯಾದವರಿಗೆ ಯಾವ ಚಿಕಿತ್ಸೆ ಬೇಕೋ ಹೇಳಿ, ಆ ಡಾಕ್ಟರನ್ನು ಕರೆಸುತ್ತೇವೆ’ ಎಂದು ಯಾರಾದರೂ ಹೇಳಿದ್ದುಂಟೇ? ಹೈವೇ ಪಕ್ಕದ ಒಂದು ಹೊಸ ಆಸ್ಪತ್ರೆಯವರು ಹೇಳಿದರು. ಅದೂ ಬಾಯಿಮಾತಿಗಲ್ಲ. ಕುರ್ಚಿ, ಕಾಫಿ, ಬೋಂಡಾ ಸಮೇತ.

ಹಿಂದಿನ ದಿನವೇ ಅತ್ತಿಗೆ ಫೋನ್ ಮಾಡಿದ್ದರು.

“ಸುಮಾ, ನಾಳೆ ಬಾರೇ. ನಿಮ್ಮಣ್ಣನ ಕಿವಿ ವಿಚಾರ ಕೇಳ್ಬೇಕು. ನೀನು ಪೇಪರ್‌ಗೆ ಬರೆಯೋಳು, ನಾಲ್ಕು ಜನದ ಮುಂದೆ ಮಾತಾಡಕ್ಕೆ ಬರುತ್ತೆ.”

“ಬರ್ತೀನಿ ಅತ್ತಿಗೆ.”

“ಆದ್ರೆ ನಮ್ಮನೇದು ಅಂತ ಮಾತ್ರ ಹೇಳ್ಬೇಡ.”

(ನನ್ನ ಹೆಸರೊಂದು ಬಿಟ್ಟು ಇಲ್ಲಿರುವ ಹೆಸರುಗಳೆಲ್ಲ ಬದಲಾಗಿವೆ. ಅಣ್ಣ ಎಂದರೆ ಒಡಹುಟ್ಟಿದವನೋ, ದೊಡ್ಡಪ್ಪನ ಮಗನೋ, ಅದನ್ನೂ ಹೇಳುವುದಿಲ್ಲ. ದಯವಿಟ್ಟು ಹುಡುಕಲು ಹೋಗಬೇಡಿ.)

ಅಣ್ಣನದು ಮಗ್ಗದ ಮನೆ. ಮುಂದೆ ಹಾಲ್, ಹಿಂದೆ ಅಡುಗೆಮನೆ, ನಡುವೆ ಪವರ್‌ಲೂಮ್‌ಗಳು. ಮಗ್ಗ ಓಡುವಾಗ ಆ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡಿ ಪ್ರಯೋಜನವಿಲ್ಲ. ಕೈ ಬಾಯಿಯ ಹತ್ತಿರ ಹೋದರೆ ಊಟಕ್ಕೆ ಬಾ ಎಂದು. ಹೆಬ್ಬೆರಳು ಬೀದಿಯ ಕಡೆ ತಿರುಗಿದರೆ ಯಾರೋ ಬಂದಿದ್ದಾರೆ ಎಂದು. ತುಟಿ ನೋಡಿ ಮಾತು ತಿಳಿಯುವುದನ್ನು ನಾವೆಲ್ಲ ಅಆಇಈ ಕಲಿಯುವ ಮೊದಲೇ ಕಲಿತವರು. ಹಾಗಾಗಿ ಅಣ್ಣನ ಕಿವಿ ಮಂದವಾಗುತ್ತಾ ಬಂದದ್ದು ವರ್ಷಗಟ್ಟಲೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಅತ್ತಿಗೆಗೆ, ಅದೂ ಕರೆಂಟ್ ಹೋದಾಗ. ಮಗ್ಗ ನಿಂತು ಮನೆಯೆಲ್ಲ ಸದ್ದಡಗಿದ್ದರೂ ಅವನು ಅವರ ಬಾಯಿಯನ್ನೇ ನೋಡುತ್ತಿದ್ದನಂತೆ.

ಅದನ್ನು ಹೇಳಬಾರದು, ಏಕೆ? ದೊಡ್ಡ ಮಗಳು ಶ್ವೇತಾಳಿಗೆ ಗಂಡು ನೋಡುತ್ತಿದ್ದರು. ನಮ್ಮವರಲ್ಲಿ ಮನೆಯ ಕಾಯಿಲೆ ಮನೆಯ ಹೊಸಿಲು ದಾಟಬಾರದು. ದಾಟಿದರೆ ಹುಡುಗಿಯ ಜಾತಕಕ್ಕಿಂತ ಮೊದಲು ಅದು ಗಂಡಿನ ಮನೆ ಸೇರುತ್ತದೆ. ‘ಆ ಮನೇಲಿ ಕಿವುಡು ಇದೆಯಂತೆ’ ಎಂದು ಒಬ್ಬರು ಅಂದರೆ ಸಾಕು, ಕಥೆ ಮುಗಿಯಿತು. ಮಗ್ಗದ ಸದ್ದಿಗೆ ಬಂದಿದ್ದು, ವಂಶದಲ್ಲಿ ಬಂದಿದ್ದಲ್ಲ ಎಂದು ಮನೆಮನೆಗೆ ಹೋಗಿ ವಿವರಿಸಲಾದೀತೇ?

ಸಭೆಗೆ ಹೋದರೆ, ಮಾತುಕತೆ ನಡೆಯುತ್ತಿದ್ದ ಗಂಡಿನ ಸೋದರಮಾವ ಎರಡನೇ ಸಾಲಿನಲ್ಲೇ ಕೂತಿದ್ದಾರೆ!

ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಗುಮುಖದವರು. “ಸಂಕೋಚ ಬೇಡ, ನಿಮ್ಮ ಮನೆಗಳಲ್ಲಿ ಏನೇನು ತೊಂದರೆ ಇದೆ ಹೇಳಿ” ಎಂದರು. ಒಬ್ಬರೂ ಏಳಲಿಲ್ಲ. ಕೊನೆಗೆ ಸೀರೆ ವ್ಯಾಪಾರದ ಯಜಮಾನರೊಬ್ಬರು ಎದ್ದು ಗಂಟಲು ಸರಿ ಮಾಡಿಕೊಂಡರು.

“ನಮ್ಮನೇಲಿ ದೇವ್ರ ದಯೆ, ಎಲ್ಲಾ ಚೆನ್ನಾಗವ್ರೆ ಮೇಡಂ. ಆದ್ರೆ ಜನಕ್ಕೆ ಹಾರ್ಟ್ ಪ್ರಾಬ್ಲಂ ಜಾಸ್ತಿ ಆಗೈತೆ.”

ಎಲ್ಲರಿಗೂ ದಾರಿ ಸಿಕ್ಕಿತು. ಅಲ್ಲಿಂದಾಚೆ ಎದ್ದವರೆಲ್ಲ ಅದೇ ದಾರಿ ಹಿಡಿದರು. ನಮ್ಮನೇಲಿ ಇಲ್ಲ, ಆದರೆ ಹಾರ್ಟು. ನಮ್ಮನೇಲಿ ಇಲ್ಲ, ಆದರೆ ಕಿಡ್ನಿ. ನಮ್ಮನೇಲಂತೂ ಇಲ್ಲವೇ ಇಲ್ಲ, ಆದರೂ ಹಾರ್ಟು. ಅಲ್ಲಿ ಕೂತಿದ್ದ ಯಾರ ಮನೆಯಲ್ಲೂ ಇಲ್ಲದ ಕಾಯಿಲೆಗಳೆಲ್ಲ ಒಂದೊಂದಾಗಿ ಮೈಕಿನಲ್ಲಿ ಬಂದವು. ಮಂಡಿ ಹಿಡಿದುಕೊಂಡು, ಪಕ್ಕದವರ ಭುಜ ಊರಿ, ಕಷ್ಟಪಟ್ಟು ಎದ್ದ ಅಜ್ಜಿಯೊಬ್ಬರು ಕೂಡ ಕೇಳಿದ್ದು ಹಾರ್ಟ್ ಡಾಕ್ಟರನ್ನೇ. (ಹಾರ್ಟಿಗೆ ಒಂದು ಘನತೆ ಇದೆ, ನೋಡಿ. ಮಂಡಿಗೆ ಎಲ್ಲಿದೆ?)

ನಾನೂ ಎದ್ದೆ. “ಮಗ್ಗದ ಮನೆಗಳಲ್ಲಿ ಕೆಲವರಿಗೆ ಕಿವಿ...” ಎನ್ನುವಷ್ಟರಲ್ಲಿ ಅತ್ತಿಗೆ ನನ್ನ ಸೆರಗು ಜಗ್ಗಿದರು. “ಅಂದ್ರೆ, ಸಾಮಾನ್ಯವಾಗಿ ಹೇಳ್ತಿದೀನಿ” ಎಂದು ತೇಲಿಸಿದೆ. ಡಾಕ್ಟರಮ್ಮ ಮಾತ್ರ ಆಸಕ್ತಿಯಿಂದ ಸಭೆಯತ್ತ ತಿರುಗಿದರು. “ಕಿವಿ ಸರಿಯಾಗಿ ಕೇಳಿಸದೇ ಇರೋರು ಯಾರಾದ್ರೂ ಇದ್ದರೆ ಕೈ ಎತ್ತಿ.”

ಒಂದು ಕೈಯೂ ಮೇಲೇಳಲಿಲ್ಲ. ಅತ್ತಿಗೆಯ ಪಕ್ಕದಲ್ಲೇ ಕೂತಿದ್ದ ಅಣ್ಣನೂ ಎತ್ತಲಿಲ್ಲ. ಮಾನಕ್ಕೆ ಅಂಜಿ ಸುಮ್ಮನಿದ್ದನೋ, ಅವರು ಕೇಳಿದ್ದು ಅವನಿಗೆ ಕೇಳಿಸಲೇ ಇಲ್ಲವೋ? ಇವತ್ತಿನವರೆಗೂ ನನಗೆ ಬಗೆಹರಿದಿಲ್ಲ. ಅಷ್ಟಕ್ಕೂ, ಕಿವಿ ಕೇಳಿಸದವರನ್ನು ಮೈಕಿನಲ್ಲಿ ಕೂಗಿ ಹುಡುಕುವುದು ಯಾವ ಸೀಮೆಯ ಕ್ರಮ ಸ್ವಾಮಿ?

ಆಸ್ಪತ್ರೆಯವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ತಪ್ಪಿದ್ದರೆ ನನಗೆ ಎಷ್ಟು ಅನುಕೂಲವಿತ್ತು! ಈ ವಾರದ ಅಂಕಣದಲ್ಲಿ ಅವರನ್ನು ಚೆನ್ನಾಗಿ ಝಾಡಿಸಿ ನಿಶ್ಚಿಂತೆಯಿಂದ ಮಲಗಬಹುದಿತ್ತು. ಅವರು ಶನಿವಾರ ಶನಿವಾರ ಉಚಿತ ಹೃದಯ ತಪಾಸಣೆ ಶುರು ಮಾಡಿದರು. ಬೆಂಗಳೂರಿನಿಂದ ತಜ್ಞರೂ ಬಂದರು. ಇಡೀ ಬೀದಿ ಮದುವೆಗೆ ಹೊರಟ ಹಾಗೆ ಹೊರಟು ಇಸಿಜಿ ಮಾಡಿಸಿಕೊಂಡು ಬಂತು. ಹೆಚ್ಚುಕಡಿಮೆ ಎಲ್ಲರದೂ ನಾರ್ಮಲ್. ಅಣ್ಣನದೂ ನಾರ್ಮಲ್. ಅದನ್ನು ಡಾಕ್ಟರು ಅವನಿಗೆ ಎರಡೆರಡು ಸಲ ಹೇಳಬೇಕಾಯಿತಂತೆ.

ಆಮೇಲೆ, ಹೋದ ತಿಂಗಳು, ಅದು ನಡೆಯಿತು. ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗ ನಿಂತಿತ್ತು. ಅಣ್ಣ ಮುಂದಿನ ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅತ್ತಿಗೆ ಸೋಪಿನ ನೀರಿಗೆ ಜಾರಿ ಬಿದ್ದರು. ಕೂಗಿದರು. ಮತ್ತೆ ಕೂಗಿದರು. ಗಂಟಲು ಹರಿಯುವ ಹಾಗೆ ಕೂಗಿದರು. ಕೊನೆಗೆ ಬಂದದ್ದು ಕಾಂಪೌಂಡಿನ ಆಚೆಯ ಪದ್ಮಕ್ಕ. ಅತ್ತಿಗೆಯನ್ನು ಎತ್ತಿ ಕೂರಿಸಿ, ಮುಂದೆ ಬಂದು ಭುಜ ಹಿಡಿದು ಅಲ್ಲಾಡಿಸಿದ ಮೇಲೆ ಅಣ್ಣ ಪೇಪರಿನಿಂದ ತಲೆ ಎತ್ತಿದ. ಅತ್ತಿಗೆಯ ಮಣಿಕಟ್ಟು ಮುರಿದಿತ್ತು.

ನಾನು ಅದೇ ಆಸ್ಪತ್ರೆಗೆ ಹೋದಾಗ ಅಣ್ಣ ಹೊರಗಿನ ಬೆಂಚಿನ ಮೇಲಿದ್ದ. “ನಾನು ಅಲ್ಲೇ ಇದ್ನಲ್ಲೇ ಸುಮಾ, ಮನೇಲೇ ಇದ್ದೆ ಕಣೇ” ಎಂದು ಅದನ್ನೇ ಹೇಳುತ್ತಿದ್ದ. ಕಣ್ಣು ತುಂಬಿತ್ತು. ನನಗೆ ಸಿಟ್ಟು ಬಂತು. ಸೀದಾ ಡಾಕ್ಟರಮ್ಮನ ರೂಮಿಗೆ ನುಗ್ಗಿದೆ.

“ನಮ್ಮ ಬೀದಿಗೆ ಬೇಕಾಗಿದ್ದು ಕಿವಿ ಡಾಕ್ಟ್ರು. ನೀವು ಹಾರ್ಟ್ ಡಾಕ್ಟ್ರನ್ನ ಕರೆಸಿದೀರ!”

“ಮೇಡಂ, ನಾವು ಕೇಳಿದ್ವಲ್ಲ? ಎಲ್ರೂ ಹಾರ್ಟ್ ಅಂದ್ರಿ. ಕಿವಿಗೆ ಒಂದು ಕೈನೂ ಏಳ್ಲಿಲ್ಲ. ಮ್ಯಾನೇಜ್‌ಮೆಂಟ್‌ಗೆ ನಾನೇನಂತ ಹೇಳ್ಲಿ?”

“ಎಲ್ಲರ ಮುಂದೆ ಕೇಳಿದ್ರೆ ಯಾರು ಹೇಳ್ತಾರೆ? ಮನೆಗೆ ಬಂದು ಕೇಳ್ಬೇಕು.”

“ಬಂದ್ವಲ್ಲ ಮೇಡಂ. ಮಾರನೇ ವಾರವೇ ವ್ಯಾನ್ ತಗೊಂಡು ನಿಮ್ಮ ಬೀದಿಗೆ ಬಂದ್ವಿ. ಒಬ್ರೂ ಬಾಗಿಲು ತೆಗೀಲಿಲ್ಲ.”

ಆಸ್ಪತ್ರೆಯ ಹೆಸರು ಬರೆದ ವ್ಯಾನು ಯಾರ ಮನೆ ಮುಂದೆ ನಿಂತರೂ ಬೀದಿಯವರು ಏನಂದುಕೊಳ್ಳುತ್ತಾರೆ? ‘ನಮ್ಮನೆ ಮುಂದೆ ನಿಲ್ಸದೇ ಹೋಗ್ಲಪ್ಪಾ ಅಂತ ದೇವ್ರಿಗೆ ಕೈ ಮುಗಿದೆ’ ಎಂದು ಅತ್ತಿಗೆಯೇ ಆಮೇಲೆ ಒಪ್ಪಿಕೊಂಡರು. ಭವನದಲ್ಲಿ ಕೇಳಿದರೆ ನಾಲ್ಕು ಜನ ಇರುತ್ತಾರೆ. ಮನೆಗೆ ಬಂದರೆ ಆ ನಾಲ್ಕು ಜನ ಕಿಟಕಿಯಲ್ಲಿ ಇರುತ್ತಾರೆ. ಹಾಗಾದರೆ ಆಸ್ಪತ್ರೆಯವರು ನಮ್ಮನ್ನು ಎಲ್ಲಿ ನಿಂತು ಕೇಳಬೇಕು?

“ಹೊರಗೆ ಬೆಂಚಿನ ಮೇಲಿರೋರು ನಿಮ್ಮಣ್ಣ ಅಲ್ವಾ? ಪಟ್ಟಿಗೆ ಅವರ ಹೆಸರು ಕೊಡಿ. ಇನ್ನೊಂದಷ್ಟು ಮನೆಯವರು ಹೆಸರು ಕೊಟ್ರೆ ಕಿವಿ ಡಾಕ್ಟ್ರನ್ನ ಖಂಡಿತಾ ಕರೆಸ್ತೀನಿ” ಎಂದರು ಡಾಕ್ಟರಮ್ಮ. ಆಮೇಲೆ ದನಿ ತಗ್ಗಿಸಿದರು. “ಕಿವಿ ಮುಚ್ಕೊಳ್ದೇ ಹೀಗೇ ಮಗ್ಗದ ಹತ್ರ ಇದ್ರೆ, ಉಳಿದಿರೋದೂ ಹೋಗುತ್ತೆ ಮೇಡಂ.”

ಹೆಸರು ಹೇಳಲು ಬಾಯಿ ತೆರೆದೆ. ಮುಚ್ಚಿದೆ. ಕಿವಿ ನನ್ನದಲ್ಲ, ಮದುವೆಗಿರುವ ಮಗಳೂ ನನ್ನವಳಲ್ಲ. ಹೇಳಲು ನಾನು ಯಾರು? ಹೇಳದೇ ಇರಲು ನಾನು ಯಾರು?

ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಬಹುದಲ್ಲ ಅನ್ನುತ್ತೀರಾ? ಕರೆದೆ. “ತೋರ್ಸೋದೇನೋ ತೋರ್ಸಬಹುದು. ಕಿವಿಗೆ ಮಿಷನ್ ಹಾಕಿದ್ರೆ ಕಾಣ್ಸುತ್ತಲ್ಲೇ” ಎಂದ ಅಣ್ಣ.

ಹೋದ ವಾರ ಗಂಡಿನ ಕಡೆಯವರು ಬಂದರು. ಅದೇ ಸೋದರಮಾವ ಅಣ್ಣನ ಎದುರಿಗೆ ಕೂತರು. ಅವರದೂ ಮಗ್ಗದ ಮನೆ. ಇಬ್ಬರೂ ಎಂಥ ಜೋರುದನಿಯಲ್ಲಿ ಮಾತಾಡಿದರೆಂದರೆ, ಯಾವ ಛತ್ರ, ಯಾವ ಅಡುಗೆಯವರು ಎಂಬುದೆಲ್ಲ ಬೀದಿಯ ಕೊನೆಯ ಮನೆಗೂ ತಿಳಿಯಿತು. ಕಾಫಿ ಕೊಡಲು ಹೋದವಳು ಸುಮ್ಮನೆ ಗಮನಿಸಿದೆ. ಅಣ್ಣ ಅವರ ತುಟಿಯನ್ನೇ ನೋಡುತ್ತಿದ್ದ. ಅವರೂ ಅಣ್ಣನ ತುಟಿಯನ್ನೇ ನೋಡುತ್ತಿದ್ದರು! ಅಲ್ಲ, ಇಷ್ಟು ದಿನ ನಾವು ಯಾರಿಂದ ಏನನ್ನು ಮುಚ್ಚಿಡುತ್ತಿದ್ದೆವು?

ಮಾತು ಪಕ್ಕಾ ಆಯಿತು. ಅವರನ್ನು ಕಳಿಸಿ ಅಡುಗೆಮನೆಗೆ ಬಂದೆ. ಅತ್ತಿಗೆ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ನೆಮ್ಮದಿ ಇತ್ತು.

“ಅತ್ತಿಗೆ, ಎಲ್ಲಾ ಸುಸೂತ್ರ ಆಯ್ತಲ್ಲ. ಇನ್ನು ಡಾಕ್ಟರಮ್ಮನಿಗೆ ಅಣ್ಣನ ಹೆಸರು ಹೇಳ್ಬಿಡ್ಲಾ?”

“ಮದುವೆ ಒಂದು ಮುಗೀಲಿ ತಡಿಯೇ.”

“ಮುಗಿದ ಮೇಲೆ?”

ಅತ್ತಿಗೆ ಮಡಿಲಿನ ಕೈಯನ್ನು ಮೆಲ್ಲಗೆ ಸರಿಸಿಕೊಂಡರು. “ಚಿಕ್ಕವಳಿದಾಳಲ್ಲೇ.”

ಚಿಕ್ಕವಳು ಈಗ ಏಳನೇ ಕ್ಲಾಸು. ಅವಳಿಗೆ ಗಂಡು ಗೊತ್ತಾಗುವ ಹೊತ್ತಿಗೆ, ಆ ಸುದ್ದಿ ಕೇಳಿಸಿಕೊಳ್ಳುವಷ್ಟಾದರೂ ಅಣ್ಣನ ಕಿವಿ ಉಳಿದಿರುತ್ತದೆಯೇ?